ಟೆಸ್ಟೊಸ್ಟೆರಾನ್ ಇಂಜೆಕ್ಷನ್ ಈಗಲೇ ಶುರು ಮಾಡಬಹುದೇ?

ಪ್ರಶ್ನೆ: ನನಗೆ 41 ವರ್ಷ. ಮನೆ ಕಾಪು ಹತ್ತಿರ. ಹನ್ನೊಂದು ವರ್ಷ ಕುವೈತಿನಲ್ಲಿ ದುಡಿದು, ಅದರಲ್ಲೂ ಹೆಚ್ಚಿನ ಕಾಲ ರಾತ್ರಿ ಪಾಳಿಯಲ್ಲಿದ್ದು, ಕಳೆದ ವರ್ಷ ಊರಿಗೆ ಬಂದು ಉಡುಪಿಯಲ್ಲಿ ಅಂಗಡಿ ಇಟ್ಟಿದ್ದೇನೆ. ಎತ್ತರ 5 ಅಡಿ 7 ಇಂಚು, ತೂಕ 94 ಕಿಲೋ. ಆರು ತಿಂಗಳಿಂದ ಶುಗರ್ ಮಾತ್ರೆ ನುಂಗುತ್ತಿದ್ದೇನೆ. ಒಂದು ವರ್ಷದಿಂದ ವಿಪರೀತ ಸುಸ್ತು, ಯಾವುದರಲ್ಲೂ ಉಮೇದಿಲ್ಲ, ಹೆಂಡತಿಯ ಕಡೆಗೂ ಮನಸ್ಸು ಹೋಗುವುದಿಲ್ಲ. ಗೊರಕೆ ಜೋರಾಗಿದೆ ಎಂದು ಅವಳ ದೂರು. ಒಂದು ಲ್ಯಾಬಿನ ಪ್ಯಾಕೇಜ್ ಪರೀಕ್ಷೆಯಲ್ಲಿ ಊಟ ಮುಗಿಸಿ ಸಂಜೆ ನಾಲ್ಕಕ್ಕೆ ರಕ್ತ ಕೊಟ್ಟಾಗ ಟೆಸ್ಟೊಸ್ಟೆರಾನ್ 248 ಬಂತು. ಮೂರು ವರ್ಷದ ಹಿಂದೆ ಕುವೈತಿನಲ್ಲಿ ಅದು ಬರೀ 14.2 ಇತ್ತು. ಹಾಗಾದರೆ ನನಗೆ ಆಗಲೇ ಕಾಯಿಲೆ ಇತ್ತೇ? ಜಿಮ್ಮಿನ ಗೆಳೆಯರು ವಾರಕ್ಕೊಂದು ಇಂಜೆಕ್ಷನ್ ಹಾಕಿಸಿಕೋ ಎನ್ನುತ್ತಾರೆ, ಒಬ್ಬ ವೈದ್ಯರು ಮೂರು ತಿಂಗಳಿಗೊಂದು ಸಾಕು ಎಂದಿದ್ದಾರೆ. ಶುರು ಮಾಡಿದರೆ ಜೀವನಪೂರ್ತಿ ಬೇಕೇ? ಹೃದಯಕ್ಕೆ, ಪ್ರಾಸ್ಟೇಟ್ ಗ್ರಂಥಿಗೆ ತೊಂದರೆಯಾಗುತ್ತದೆಯೇ? ಮುಂದೆ ಮತ್ತೆ ಕುವೈತಿಗೆ ಹೋಗಬೇಕಾಗಿ ಬಂದರೆ ಮದ್ದು ಒಯ್ಯಬಹುದೇ? ಏಳು ವರ್ಷದ ಒಬ್ಬ ಮಗಳಿದ್ದಾಳೆ. ಇನ್ನೊಂದು ಮಗು ಆದರೆ ಒಳ್ಳೆಯದಿತ್ತು ಎಂಬ ಆಸೆಯೂ ಇದೆ.

ಉತ್ತರ: ಪತ್ರದ ತುದಿಯಲ್ಲಿ, ಮರೆತಿದ್ದು ನೆನಪಾಯಿತೆಂಬಂತೆ, ಇನ್ನೊಂದು ಮಗುವಿನ ಆಸೆಯನ್ನು ಬರೆದಿದ್ದೀರಿ. ನಾನು ಉತ್ತರವನ್ನು ಅಲ್ಲಿಂದಲೇ ಆರಂಭಿಸಬೇಕಾಗಿದೆ, ಏಕೆಂದರೆ ನೀವು ಕೇಳಿರುವ ಉಳಿದೆಲ್ಲ ಪ್ರಶ್ನೆಗಳಿಗಿಂತ ಮೊದಲು ನಿರ್ಧಾರವಾಗಬೇಕಾದದ್ದು ಅದು. ಹೊರಗಿನಿಂದ ಕೊಡುವ ಟೆಸ್ಟೊಸ್ಟೆರಾನ್ ಗಂಡಸಿನ ವೀರ್ಯಾಣು ಉತ್ಪತ್ತಿಯನ್ನು ತಗ್ಗಿಸುತ್ತದೆ. ಅನೇಕರಲ್ಲಿ ಪೂರ್ತಿಯಾಗಿ ನಿಲ್ಲಿಸುತ್ತದೆ. ಗಂಡಸುತನದ ಹಾರ್ಮೋನು ಎಂದು ಹೆಸರಾದ ಮದ್ದೇ ಮಕ್ಕಳಾಗದಂತೆ ಮಾಡುತ್ತದೆ ಎಂದರೆ ನನ್ನ ಕೋಣೆಯಲ್ಲಿ ಕುಳಿತವರಲ್ಲಿ ಹೆಚ್ಚಿನವರು ಮೊದಲು ನಂಬುವುದಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಪುರುಷರ ಗರ್ಭನಿರೋಧಕವಾಗಿ ಬಳಸಬಹುದೇ ಎಂದು ಹಲವು ದೇಶಗಳಲ್ಲಿ ಪರೀಕ್ಷಿಸಿತ್ತು. 1990ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ವಾರಕ್ಕೆ 200 ಮಿಲಿಗ್ರಾಂ ಇಂಜೆಕ್ಷನ್ ಪಡೆದ 271 ಆರೋಗ್ಯವಂತ ಗಂಡಸರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಯ ವೀರ್ಯದಲ್ಲಿ ಆರು ತಿಂಗಳೊಳಗೆ ಒಂದೇ ಒಂದು ವೀರ್ಯಾಣುವೂ ಉಳಿದಿರಲಿಲ್ಲ.

ಇದು ಹೇಗೆ ಆಗುತ್ತದೆ ಎಂಬುದನ್ನು ನಿಮ್ಮ ಮನೆಯ ನೀರಿನ ಟ್ಯಾಂಕನ್ನು ನೆನಪಿಸಿಕೊಂಡರೆ ತಿಳಿಯಬಹುದು. ಬಾವಿಯಲ್ಲಿ ಪಂಪು ಇದೆ, ಟಾರಸಿಯ ಟ್ಯಾಂಕಿನೊಳಗೆ ತೇಲುವ ಸ್ವಿಚ್ಚು ಇದೆ. ನೀರು ಇಳಿದರೆ ಪಂಪು ತಾನಾಗಿ ಓಡುತ್ತದೆ, ತುಂಬಿದರೆ ನಿಲ್ಲುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಜೆ ಅಣೆಕಟ್ಟಿನ ನೀರು ತಳ ಕಂಡಾಗ ಉಡುಪಿಯಲ್ಲಿ ಟ್ಯಾಂಕರ್ ತರಿಸಿ ಮೇಲಿನ ಟ್ಯಾಂಕಿಗೇ ನೀರು ಹಾಯಿಸಿದರೆ ಸ್ವಿಚ್ಚಿಗೆ ಅದು ಬಾವಿಯ ನೀರೋ ಹೊರಗಿನದೋ ಗೊತ್ತಾಗುವುದಿಲ್ಲ; ಪಂಪು ಸುಮ್ಮನೆ ಬಿದ್ದಿರುತ್ತದೆ. ನಮ್ಮ ದೇಹದಲ್ಲಿ ಆ ಸ್ವಿಚ್ಚು ಮೆದುಳಿನ ಬುಡದಲ್ಲಿರುವ ಹೈಪೊಥಲಾಮಸ್ ಮತ್ತು ಪಿಟ್ಯುಟರಿ ಗ್ರಂಥಿ. ಅಲ್ಲಿಂದ ಹೊರಡುವ ಎಲ್‌ಎಚ್ ಎಂಬ ಹಾರ್ಮೋನು ವೃಷಣಗಳಿಗೆ ಟೆಸ್ಟೊಸ್ಟೆರಾನ್ ತಯಾರಿಸಲು ಹೇಳುತ್ತದೆ, ಎಫ್‌ಎಸ್‌ಎಚ್ ಎಂಬುದು ವೀರ್ಯಾಣುಗಳ ಬೆಳವಣಿಗೆಯನ್ನು ನೋಡಿಕೊಳ್ಳುತ್ತದೆ. ಇಂಜೆಕ್ಷನ್ನಿನಿಂದ ರಕ್ತದಲ್ಲಿ ಟೆಸ್ಟೊಸ್ಟೆರಾನ್ ತುಂಬಿದ ಕೂಡಲೇ ಇವೆರಡೂ ಇಳಿದುಹೋಗುತ್ತವೆ. ಇನ್ನೊಂದು ಸೂಕ್ಷ್ಮ ಇಲ್ಲಿದೆ: ವೀರ್ಯಾಣು ಬೆಳೆಯುವುದಕ್ಕೆ ವೃಷಣದ ಒಳಗೆ ರಕ್ತದಲ್ಲಿರುವುದಕ್ಕಿಂತ ಹಲವು ಹತ್ತು ಪಟ್ಟು ಹೆಚ್ಚು ಟೆಸ್ಟೊಸ್ಟೆರಾನ್ ಇರಬೇಕು, ಮತ್ತು ಅದು ಅಲ್ಲಿಯೇ ತಯಾರಾಗಬೇಕು. ಟ್ಯಾಂಕು ತುಂಬಿ ತುಳುಕಿದರೂ ಬಾವಿಯ ಬುಡದ ತೋಟಕ್ಕೆ ಆ ನೀರು ತಲುಪುವುದಿಲ್ಲ. ಹೀಗಾಗಿ ರಕ್ತಪರೀಕ್ಷೆಯ ವರದಿ ಚೆನ್ನಾಗಿ ಕಾಣುತ್ತಿರುವಾಗಲೇ ವೀರ್ಯಾಣುಗಳ ಸಂಖ್ಯೆ ಸೊನ್ನೆಗೆ ಬಂದಿರಬಹುದು.

ಮದ್ದು ನಿಲ್ಲಿಸಿದರೆ ಪಂಪು ಮತ್ತೆ ಓಡುತ್ತದೆಯೇ ಎಂದರೆ, ಸಾಮಾನ್ಯವಾಗಿ ಓಡುತ್ತದೆ, ಆದರೆ ನಿಧಾನವಾಗಿ. ಇಂತಹ ಗರ್ಭನಿರೋಧಕ ಪ್ರಯೋಗಗಳಲ್ಲಿದ್ದ ಗಂಡಸರ ಮಾಹಿತಿಯನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಮದ್ದು ನಿಲ್ಲಿಸಿ ಆರು ತಿಂಗಳಲ್ಲಿ ಸುಮಾರು ಮೂರನೇ ಎರಡು ಭಾಗದಷ್ಟು ಜನರಿಗೆ, ಒಂದು ವರ್ಷದಲ್ಲಿ ನೂರಕ್ಕೆ ತೊಂಬತ್ತು ಜನರಿಗೆ ವೀರ್ಯಾಣು ಸಂಖ್ಯೆ ಮರಳಿ ಬಂದಿತ್ತು. ಕೆಲವರಿಗೆ ಎರಡು ವರ್ಷ ಹಿಡಿದಿತ್ತು. ಅವರೆಲ್ಲ ಮೊದಲೇ ಸರಿಯಾದ ವೀರ್ಯಾಣು ಸಂಖ್ಯೆ ಇದ್ದ ಆರೋಗ್ಯವಂತರು ಎಂಬುದನ್ನು ಗಮನಿಸಬೇಕು. ನಲವತ್ತು ದಾಟಿದ, ಮಧುಮೇಹವಿರುವ, ಪತ್ನಿಯ ವಯಸ್ಸೂ ಏರುತ್ತಿರುವ ಮನೆಯಲ್ಲಿ ಎರಡು ವರ್ಷ ಕಾಯುವುದು ಸಣ್ಣ ಮಾತಲ್ಲ. ಆದುದರಿಂದ ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ: ಈಗ ಶುರು ಮಾಡಬೇಡಿ. ಮೂರು ತಿಂಗಳ ಇಂಜೆಕ್ಷನ್ನೂ ಬೇಡ, ಜಿಮ್ಮಿನದಂತೂ ಬೇಡವೇ ಬೇಡ.

ಹಾಗೆಂದು ನಿಮ್ಮ ತೊಂದರೆಯನ್ನು ನಾನು ಹಗುರ ಮಾಡುತ್ತಿಲ್ಲ. ಆದರೆ 248 ಎಂಬ ಆ ಒಂದು ಅಂಕಿಯ ಮೇಲೆ ಇಷ್ಟೆಲ್ಲ ಭಾರ ಹೇರುವಂತಿಲ್ಲ. ಮೊದಲಿಗೆ ಕುವೈತಿನ ವರದಿಯ ಗೊಂದಲವನ್ನು ಬಿಡಿಸೋಣ. ಅಲ್ಲಿಯ 14.2 ಎಂಬುದು ಲೀಟರಿಗೆ ನ್ಯಾನೊಮೋಲ್ ಎಂಬ ಅಳತೆ. ಇಲ್ಲಿಯ 248 ಎಂಬುದು ಡೆಸಿಲೀಟರಿಗೆ ನ್ಯಾನೊಗ್ರಾಂ. ಮೊದಲನೆಯದನ್ನು 28.8ರಿಂದ ಗುಣಿಸಿದರೆ ಎರಡನೆಯದು ಸಿಗುತ್ತದೆ, ಅಂದರೆ ಆಗ ನಿಮಗೆ 409ರಷ್ಟು ಇತ್ತು, ಅದು ಸಹಜ ಮಟ್ಟ. ಗಲ್ಫಿನ ಹಳೆಯ ಕಾಗದಗಳನ್ನು ಜೋಪಾನವಾಗಿ ತಂದು ತೋರಿಸುವವರು ನಮ್ಮ ಜಿಲ್ಲೆಗಳಲ್ಲಿ ಬಹಳ ಮಂದಿ. ಸಕ್ಕರೆಯ ಅಂಶಕ್ಕೂ ಕೊಬ್ಬಿನ ಅಂಶಕ್ಕೂ ಇದೇ ಗೊಂದಲ ಆಗುತ್ತದೆ. ವರದಿಯಲ್ಲಿ ಅಂಕಿಯ ಪಕ್ಕದಲ್ಲಿರುವ ಸಣ್ಣ ಅಕ್ಷರಗಳನ್ನು ಮೊದಲು ಓದಬೇಕು.

ಆಗ 409 ಇದ್ದದ್ದು ಈಗ 248ಕ್ಕೆ ಇಳಿದಿದೆಯಲ್ಲ ಎಂದು ಕೇಳಬಹುದು. ಇಳಿದಿರಬಹುದು, ಇಳಿಯದೆಯೂ ಇರಬಹುದು. ಟೆಸ್ಟೊಸ್ಟೆರಾನ್ ಬೆಳಗಿನ ಹೊತ್ತು ಅತಿ ಹೆಚ್ಚಿದ್ದು ಸಂಜೆಗೆ ಕುಗ್ಗುತ್ತದೆ. ಸಕ್ಕರೆಯ ಪಾನೀಯ ಕುಡಿಸಿ ನೋಡಿದ ಪ್ರಯೋಗದಲ್ಲಿ ಎರಡು ತಾಸಿನೊಳಗೆ ಅದು ಕಾಲುಭಾಗದಷ್ಟು ಇಳಿದದ್ದು ಕಂಡುಬಂದಿದೆ. ನೀವು ಊಟ ಮುಗಿಸಿ ನಾಲ್ಕು ಗಂಟೆಗೆ ರಕ್ತ ಕೊಟ್ಟಿದ್ದೀರಿ, ಅಂದರೆ ಎರಡು ತಪ್ಪುಗಳು ಒಟ್ಟಿಗೆ ಆಗಿವೆ. ಜ್ವರ, ಶಸ್ತ್ರಚಿಕಿತ್ಸೆ, ಬೇರಾವುದೇ ತೀವ್ರ ಕಾಯಿಲೆಯ ದಿನಗಳಲ್ಲೂ ಅದು ತಾತ್ಕಾಲಿಕವಾಗಿ ಬೀಳುತ್ತದೆ. ನಿದ್ದೆಗೆಟ್ಟರೂ ಬೀಳುತ್ತದೆ: 2011ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ ಹತ್ತು ಮಂದಿ ಆರೋಗ್ಯವಂತ ಯುವಕರನ್ನು ಒಂದು ವಾರ ರಾತ್ರಿಗೆ ಐದೇ ಗಂಟೆ ಮಲಗಲು ಬಿಟ್ಟಾಗ ಹಗಲಿನ ಮಟ್ಟ ನೂರಕ್ಕೆ 10ರಿಂದ 15ರಷ್ಟು ತಗ್ಗಿತು. ಹಾಗಾಗಿ ಪರೀಕ್ಷೆ ಮಾಡಿಸುವ ಹಿಂದಿನ ರಾತ್ರಿ ಬೆಳಗಿನ ಮಂಗಳ ಹಾಡುವವರೆಗೆ ಯಕ್ಷಗಾನ ನೋಡಿ ನೇರವಾಗಿ ಲ್ಯಾಬಿಗೆ ಹೋಗುವುದು ಬೇಡ.

ಸರಿಯಾದ ಕ್ರಮವೆಂದರೆ ಚೆನ್ನಾಗಿ ಮಲಗೆದ್ದ ದಿನ, ಬರೀ ಹೊಟ್ಟೆಯಲ್ಲಿ, ಬೆಳಿಗ್ಗೆ ಏಳರಿಂದ ಹತ್ತರೊಳಗೆ ರಕ್ತ ಕೊಡುವುದು, ಮತ್ತು ಕಡಿಮೆ ಬಂದರೆ ಬೇರೊಂದು ದಿನ ಹಾಗೆಯೇ ಇನ್ನೊಮ್ಮೆ ಕೊಡುವುದು. ಮೊದಲ ಸಲ ಕಡಿಮೆ ಬಂದವರಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಎರಡನೆಯ ಸಲ ಸಹಜ ಮಟ್ಟವೇ ಬರುತ್ತದೆ. ಎಷ್ಟಕ್ಕಿಂತ ಕಡಿಮೆಯಾದರೆ ಕಡಿಮೆ ಎಂಬುದರಲ್ಲಿ ತಜ್ಞ ಸಂಘಗಳಿಗೇ ಒಮ್ಮತವಿಲ್ಲ. 2018ರಲ್ಲಿ ಹೊರಬಂದ ಎರಡು ಅಮೆರಿಕನ್ ಮಾರ್ಗಸೂಚಿಗಳಲ್ಲಿ ಮೂತ್ರರೋಗ ತಜ್ಞರ ಸಂಘ 300 ಎಂದರೆ, ಹಾರ್ಮೋನು ತಜ್ಞರ ಎಂಡೋಕ್ರೈನ್ ಸೊಸೈಟಿ 264 ಎನ್ನುತ್ತದೆ. ಎರಡೂ ಒಪ್ಪುವ ಮಾತೆಂದರೆ, ಅಂಕಿ ಮಾತ್ರ ಇದ್ದರೆ ಸಾಲದು, ಲಕ್ಷಣವೂ ಇರಬೇಕು. ಲಕ್ಷಣ ಮಾತ್ರ ಇದ್ದರೂ ಸಾಲದು.

ಎಲ್ಲ ಲಕ್ಷಣಗಳಿಗೂ ಒಂದೇ ಮಹತ್ವವಿಲ್ಲ. ಸುಸ್ತು, ಸಿಡುಕು, ಉಮೇದಿಲ್ಲದಿರುವುದು ನೂರು ಕಾರಣಗಳಿಂದ ಬರಬಹುದು: ಥೈರಾಯ್ಡ್, ರಕ್ತಹೀನತೆ, ಖಿನ್ನತೆ, ಹತೋಟಿಯಲ್ಲಿಲ್ಲದ ಶುಗರ್, ಅಥವಾ ಹನ್ನೊಂದು ವರ್ಷ ಹೊರದೇಶದಲ್ಲಿದ್ದು ಬಂದು ಹೊಸ ಅಂಗಡಿಯ ಲೆಕ್ಕ ಹೊಂದಿಸುವ ಚಿಂತೆ. ಟೆಸ್ಟೊಸ್ಟೆರಾನ್ ಕೊರತೆಯನ್ನು ಹೆಚ್ಚು ನಿಖರವಾಗಿ ತೋರಿಸುವುದು ಕಾಮಾಸಕ್ತಿ ಕುಗ್ಗುವುದು, ಬೆಳಗಿನ ಜಾವದ ತಾನಾಗಿ ಬರುವ ನಿಮಿರುವಿಕೆ ನಿಂತುಹೋಗುವುದು, ಸಂಭೋಗದಲ್ಲಿ ನಿಮಿರುವಿಕೆ ಸಾಲದಾಗುವುದು, ಈ ಮೂರು. ಯುರೋಪಿನ ಎಂಟು ಕೇಂದ್ರಗಳಲ್ಲಿ 40ರಿಂದ 79 ವರ್ಷದ ಗಂಡಸರನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನ, ಈ ಮೂರೂ ಲಕ್ಷಣಗಳು ಕಡಿಮೆ ಹಾರ್ಮೋನಿನೊಂದಿಗೆ ಕೂಡಿದ್ದರೆ ಮಾತ್ರ ವಯಸ್ಸಿನ ಕೊರತೆ ಎಂದು ಲೆಕ್ಕ ಹಾಕಿತು. ಹಾಗೆ ಲೆಕ್ಕ ಹಾಕಿದಾಗ ಸಿಕ್ಕವರು ನೂರಕ್ಕೆ ಇಬ್ಬರು ಮಾತ್ರ. ಗೋಡೆಯ ಮೇಲಿನ ಜಾಹೀರಾತುಗಳನ್ನು ನಂಬಿದರೆ ನಲವತ್ತು ದಾಟಿದ ಪ್ರತಿಯೊಬ್ಬನೂ ಈ ಕಾಯಿಲೆಯವನೇ. ನೀವು ಮೊದಲನೆಯ ಲಕ್ಷಣವನ್ನು ಬರೆದಿದ್ದೀರಿ, ಉಳಿದೆರಡರ ಬಗ್ಗೆ ಏನೂ ಹೇಳಿಲ್ಲ. ಸಂಕೋಚ ಬೇಡ, ವೈದ್ಯರ ಬಳಿ ಹೇಳಿ. ನಿಮಿರುವಿಕೆಯ ತೊಂದರೆ ಮಾತ್ರವಿದ್ದು ಆಸಕ್ತಿ ಚೆನ್ನಾಗಿದ್ದರೆ ಕಾರಣ ಬಹುಪಾಲು ಹಾರ್ಮೋನಿನಲ್ಲಿರುವುದಿಲ್ಲ, ಮಧುಮೇಹದಿಂದ ಕೆಟ್ಟ ರಕ್ತನಾಳ ಮತ್ತು ನರಗಳಲ್ಲಿರುತ್ತದೆ, ಅದಕ್ಕೆ ಮದ್ದು ಬೇರೆಯೇ ಇದೆ. ಅಷ್ಟೇ ಅಲ್ಲ, ಶಿಶ್ನದ ಸಣ್ಣ ರಕ್ತನಾಳಗಳಲ್ಲಿ ಮೊದಲು ಕಾಣುವ ತೊಂದರೆ ಕೆಲವು ವರ್ಷಗಳ ಬಳಿಕ ಹೃದಯದ ರಕ್ತನಾಳಗಳಲ್ಲಿ ಕಾಣಿಸಿಕೊಳ್ಳುವುದುಂಟು. ಅಂಥವರಿಗೆ ನಾನು ಹೃದಯದ ಪರೀಕ್ಷೆಗೂ ಬರೆದುಕೊಡುತ್ತೇನೆ.

ಎರಡು ಬೆಳಗಿನ ಪರೀಕ್ಷೆಗಳಲ್ಲೂ ಕಡಿಮೆ ಬಂತೆಂದು ಇಟ್ಟುಕೊಳ್ಳೋಣ. ಆಗ ಏಳುವ ಪ್ರಶ್ನೆ ಯಾಕೆ ಕಡಿಮೆ ಎಂಬುದು, ಮತ್ತು ನನ್ನ ಅನುಭವದಲ್ಲಿ ಅವಸರದ ಚಿಕಿತ್ಸೆ ಹಾರಿಹೋಗುವುದು ಇದೇ ಮೆಟ್ಟಿಲನ್ನು. ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಪರೀಕ್ಷೆ ಇಲ್ಲಿ ದಾರಿ ತೋರುತ್ತದೆ. ಅವು ಏರಿದ್ದರೆ ಸ್ವಿಚ್ಚು ಕೂಗುತ್ತಿದೆ, ವೃಷಣವೆಂಬ ಬಾವಿಯೇ ಬತ್ತಿದೆ ಎಂದರ್ಥ: ದೊಡ್ಡವರಾದ ಮೇಲೆ ಬಂದ ಮಂಗನಬಾವು ವೃಷಣಕ್ಕೂ ಇಳಿದು ಹಾನಿ ಮಾಡಿರಬಹುದು, ಪೆಟ್ಟು, ಕ್ಯಾನ್ಸರ್ ಚಿಕಿತ್ಸೆ, ಅಥವಾ ಹುಟ್ಟಿನಿಂದಲೇ ಒಂದು ಎಕ್ಸ್ ಕ್ರೋಮೋಸೋಮ್ ಹೆಚ್ಚಾಗಿರುವ ಕ್ಲೈನ್‌ಫೆಲ್ಟರ್ ಸಿಂಡ್ರೋಮ್ ಇರಬಹುದು. ಈ ಕೊನೆಯದು ಸುಮಾರು ಆರುನೂರು ಗಂಡು ಮಕ್ಕಳಲ್ಲಿ ಒಬ್ಬರಿಗೆ ಇದ್ದರೂ, ಮದುವೆಯಾಗಿ ಮಕ್ಕಳಾಗದೆ ಪರೀಕ್ಷೆಗೆ ಬರುವವರೆಗೆ ಎಷ್ಟೋ ಮಂದಿಗೆ ಗೊತ್ತೇ ಇರುವುದಿಲ್ಲ. ನಿಮಗೆ ಮಗಳಿರುವುದರಿಂದ ಅದು ಇರುವ ಸಂಭವ ತೀರಾ ಕಡಿಮೆ. ಟೆಸ್ಟೊಸ್ಟೆರಾನ್ ಕಡಿಮೆ ಇದ್ದೂ ಎಲ್‌ಎಚ್ ಏರದಿದ್ದರೆ ದೋಷ ಮೇಲೆ, ಸ್ವಿಚ್ಚಿನಲ್ಲೇ ಇದೆ. ಪಿಟ್ಯುಟರಿಯ ಗಡ್ಡೆ, ಅದೇ ಗ್ರಂಥಿಯ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹೆಚ್ಚಾಗುವುದು, ದೇಹದಲ್ಲಿ ಕಬ್ಬಿಣ ತುಂಬಿಕೊಳ್ಳುವುದು, ದೀರ್ಘಕಾಲ ನುಂಗಿದ ಸ್ಟಿರಾಯ್ಡ್ ಅಥವಾ ಅಫೀಮು ಜಾತಿಯ ನೋವಿನ ಮಾತ್ರೆಗಳು ಹೀಗೆ ಮಾಡುತ್ತವೆ. ಮಟ್ಟ 150ಕ್ಕಿಂತಲೂ ಕೆಳಗಿದ್ದರೆ, ಪ್ರೊಲ್ಯಾಕ್ಟಿನ್ ಏರಿದ್ದರೆ, ತಲೆನೋವು ಅಥವಾ ದೃಷ್ಟಿದೋಷ ಇದ್ದರೆ ಎಂಆರ್‌ಐ ಮಾಡಿಸಲೇಬೇಕು. ಪ್ರೊಲ್ಯಾಕ್ಟಿನ್ ಸ್ರವಿಸುವ ಗಡ್ಡೆಯಾದರೆ ಹೆಚ್ಚಿನ ಸಂದರ್ಭಗಳಲ್ಲಿ ವಾರಕ್ಕೆ ಒಂದೆರಡು ಸಲ ನುಂಗುವ ಮಾತ್ರೆಯಲ್ಲಿ ಕುಗ್ಗುತ್ತದೆ, ಟೆಸ್ಟೊಸ್ಟೆರಾನ್ ತಾನಾಗಿ ಮೇಲೇರಬಹುದು. ಕಾರಣ ಹುಡುಕದೆ ಇಂಜೆಕ್ಷನ್ ಚುಚ್ಚಿಸಿಕೊಂಡವರ ತಲೆಯಲ್ಲಿ ಆ ಗಡ್ಡೆ ಸದ್ದಿಲ್ಲದೆ ಬೆಳೆಯುತ್ತಿರಬಹುದು.

ಆದರೆ ನಿಮ್ಮ ಪತ್ರ ಓದಿದಾಗ ನನಗೆ ಮೊದಲು ಕಂಡದ್ದು ಇವು ಯಾವುವೂ ಅಲ್ಲ. 94 ಕಿಲೋ ತೂಕ, ಶುಗರ್, ಮತ್ತು ನಿಮ್ಮ ಪತ್ನಿ ದೂರುತ್ತಿರುವ ಗೊರಕೆ. ನಿಮ್ಮ ಎತ್ತರಕ್ಕೆ ಈ ತೂಕವೆಂದರೆ ಬಿಎಂಐ 32ರ ಮೇಲೆ, ಬೊಜ್ಜಿನ ವರ್ಗ. ಬೊಜ್ಜು ಎರಡು ರೀತಿಯಲ್ಲಿ ಈ ವರದಿಯನ್ನು ಕೆಡಿಸುತ್ತದೆ. ರಕ್ತದಲ್ಲಿ ಟೆಸ್ಟೊಸ್ಟೆರಾನನ್ನು ಹೊತ್ತೊಯ್ಯುವ ಎಸ್‌ಎಚ್‌ಬಿಜಿ ಎಂಬ ಪ್ರೋಟೀನು ಬೊಜ್ಜು ಮತ್ತು ಮಧುಮೇಹ ಇರುವವರಲ್ಲಿ ಕಡಿಮೆ. ಹೊರುವವರು ಕಡಿಮೆಯಾದಾಗ ಒಟ್ಟು ಲೆಕ್ಕ ಕಡಿಮೆ ಕಾಣುತ್ತದೆ, ಆದರೆ ಜೀವಕೋಶಗಳಿಗೆ ದಕ್ಕುವ ಮುಕ್ತ ಭಾಗ, ಅದು ಒಟ್ಟಿನಲ್ಲಿ ನೂರಕ್ಕೆ ಎರಡು ಮೂರರಷ್ಟು ಮಾತ್ರ, ಸರಿಯಾಗಿಯೇ ಇರಬಹುದು. ಹಾಗಾಗಿ ನಿಮ್ಮಂಥವರಲ್ಲಿ ಎಸ್‌ಎಚ್‌ಬಿಜಿ ಅಳೆದು ಮುಕ್ತ ಟೆಸ್ಟೊಸ್ಟೆರಾನನ್ನು ಲೆಕ್ಕ ಹಾಕದೆ ಕೊರತೆ ಎಂದು ಹಣೆಪಟ್ಟಿ ಹಚ್ಚಬಾರದು. ಇನ್ನು ತೂಕ ತೀರಾ ಹೆಚ್ಚಾದವರಲ್ಲಿ ಮುಕ್ತ ಭಾಗವೂ ನಿಜವಾಗಿಯೇ ಇಳಿಯುತ್ತದೆ, ಹೊಟ್ಟೆಯ ಕೊಬ್ಬು ಟೆಸ್ಟೊಸ್ಟೆರಾನನ್ನು ಈಸ್ಟ್ರೊಜನ್ನಾಗಿ ಬದಲಾಯಿಸುತ್ತದೆ, ಸ್ವಿಚ್ಚೂ ಮಂದವಾಗುತ್ತದೆ. ಇದು ಒಮ್ಮೆ ಇಳಿದರೆ ಏರಲಾರದ ಸ್ಥಿತಿಯಲ್ಲ. ತೂಕ ಇಳಿದಷ್ಟೂ ಹಾರ್ಮೋನು ಏರುತ್ತದೆ ಎಂಬುದು ಪಥ್ಯದಲ್ಲಿಯೂ ಬೊಜ್ಜಿನ ಶಸ್ತ್ರಚಿಕಿತ್ಸೆಯಲ್ಲಿಯೂ ಕಂಡುಬಂದಿದೆ, ಮತ್ತು ಹಾಗೆ ಏರಿದ್ದು ನಿಮ್ಮದೇ ಬಾವಿಯ ನೀರು. ವೀರ್ಯಾಣುಗಳಿಗೆ ಅದರಿಂದ ಕೇಡಿಲ್ಲ.

ಗೊರಕೆಯ ವಿಷಯ ಪ್ರತ್ಯೇಕ. ನಿದ್ದೆಯಲ್ಲಿ ಉಸಿರು ಕಟ್ಟಿ ಕಟ್ಟಿ ಬಿಡುವ ಸ್ಲೀಪ್ ಅಪ್ನಿಯ ನಿಮಗಿದೆಯೇ ಎಂದು ತಿಳಿಯಬೇಕು. ಅದೊಂದೇ ನೀವು ವಿವರಿಸಿದ ಸುಸ್ತನ್ನೂ ನಿರುತ್ಸಾಹವನ್ನೂ ತರಬಲ್ಲದು. ಜೊತೆಗೆ ಅದು ತೀವ್ರವಾಗಿದ್ದು ಚಿಕಿತ್ಸೆಯಾಗದಿದ್ದರೆ ಟೆಸ್ಟೊಸ್ಟೆರಾನ್ ಕೊಡಬಾರದು, ಕೊಟ್ಟರೆ ಉಸಿರಿನ ಆ ಅಡಚಣೆ ಹೆಚ್ಚಬಹುದು. ರಾತ್ರಿಯ ನಿದ್ರಾ ಪರೀಕ್ಷೆ ಮಂಗಳೂರು, ಮಣಿಪಾಲದ ದೊಡ್ಡ ಆಸ್ಪತ್ರೆಗಳಲ್ಲಿ ಆಗುತ್ತದೆ. ನೀವು ಉಸಿರು ನಿಲ್ಲಿಸಿ ಮತ್ತೆ ಬೆಚ್ಚಿದಂತೆ ಉಸಿರೆಳೆಯುತ್ತೀರೇ ಎಂಬುದನ್ನು ಪತ್ನಿಯೇ ಹೇಳಬಲ್ಲರು. ವೈದ್ಯರ ಬಳಿಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ.

ಇಷ್ಟೆಲ್ಲ ನೋಡಿದ ಮೇಲೂ ಕೊರತೆ ನಿಜವೆಂದೇ ಆದರೆ, ಮತ್ತು ದೋಷ ಪಿಟ್ಯುಟರಿಯ ಮಟ್ಟದಲ್ಲಿದ್ದರೆ, ಮಗುವಿನ ಆಸೆ ಇರುವವರೆಗೆ ಬೇರೆ ದಾರಿ ಇದೆ. ಎಲ್‌ಎಚ್‌ನಂತೆಯೇ ಕೆಲಸ ಮಾಡುವ ಎಚ್‌ಸಿಜಿ ಇಂಜೆಕ್ಷನ್ನನ್ನು ವಾರಕ್ಕೆ ಎರಡು ಮೂರು ಸಲ ಚರ್ಮದಡಿ ಕೊಟ್ಟರೆ ವೃಷಣಗಳೇ ಟೆಸ್ಟೊಸ್ಟೆರಾನ್ ತಯಾರಿಸುತ್ತವೆ. ಕೆಲವರಿಗೆ ಕ್ಲೋಮಿಫಿನ್ ಮಾತ್ರೆ ಕೊಟ್ಟು ಸ್ವಿಚ್ಚನ್ನೇ ಎಚ್ಚರಿಸುತ್ತೇವೆ. ಇವು ಎಲ್ಲರಿಗೂ ಹೊಂದುವ ಮದ್ದುಗಳಲ್ಲ, ಆದರೆ ಹೊಂದುವವರಿಗೆ ಬಹಳ ಉಪಯುಕ್ತ. ವೀರ್ಯ ಪರೀಕ್ಷೆಯನ್ನು ಮಾತ್ರ ಈಗಲೇ ಮಾಡಿಸಿಬಿಡಿ.

ಈಗ, ಮಗುವಾಗಿ ಸಂಸಾರ ಪೂರ್ತಿಯಾದ ಬಳಿಕ, ಅಥವಾ ಬೇರೆ ಓದುಗರ ವಿಷಯದಲ್ಲಿ, ಚಿಕಿತ್ಸೆ ಶುರು ಮಾಡುವುದೇ ಸರಿ ಎಂದಾದರೆ ಅದು ಹೇಗಿರುತ್ತದೆ ಎಂಬುದನ್ನೂ ಹೇಳುತ್ತೇನೆ. ಆರಂಭಕ್ಕೆ ಮೊದಲು ರಕ್ತದ ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪುಕಣಗಳ ಪಾಲು, ಮತ್ತು ನಲವತ್ತು ದಾಟಿದವರಿಗೆ ಪ್ರಾಸ್ಟೇಟ್ ತೊಂದರೆಯ ಸುಳಿವು ಕೊಡುವ ಪಿಎಸ್‌ಎ ಪರೀಕ್ಷೆ ಆಗಿರಬೇಕು. ಪ್ರಾಸ್ಟೇಟ್ ಅಥವಾ ಸ್ತನದ ಕ್ಯಾನ್ಸರ್ ಇದ್ದವರಿಗೆ, ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿ ಆರು ತಿಂಗಳು ಕಳೆಯದವರಿಗೆ, ಹತೋಟಿಯಲ್ಲಿಲ್ಲದ ಹೃದಯ ವೈಫಲ್ಯ ಇರುವವರಿಗೆ, ರಕ್ತ ಹೆಪ್ಪುಗಟ್ಟುವ ಪ್ರವೃತ್ತಿ ಇರುವವರಿಗೆ ಶುರು ಮಾಡುವುದಿಲ್ಲ.

ಮದ್ದು ಮುಖ್ಯವಾಗಿ ಮೂರು ರೂಪದಲ್ಲಿ ಸಿಗುತ್ತದೆ. ಮೂರು ತಿಂಗಳಿಗೊಂದು ಎಂದು ನಿಮ್ಮ ವೈದ್ಯರು ಹೇಳಿದ್ದು ಟೆಸ್ಟೊಸ್ಟೆರಾನ್ ಅಂಡೆಕನೋಯೇಟ್, 1000 ಮಿಲಿಗ್ರಾಂ, ನಾಲ್ಕು ಮಿಲಿಲೀಟರ್ ಹರಳೆಣ್ಣೆಯಲ್ಲಿ ಕರಗಿಸಿದ್ದು. ಮೊದಲನೆಯದಾದ ಆರು ವಾರಕ್ಕೆ ಎರಡನೆಯದು, ಆಮೇಲೆ 10ರಿಂದ 14 ವಾರಗಳಿಗೊಮ್ಮೆ. ಅಷ್ಟು ಗಟ್ಟಿ ಎಣ್ಣೆಯನ್ನು ಪೃಷ್ಠದ ಸ್ನಾಯುವಿಗೆ ಎರಡು ನಿಮಿಷ ಹಿಡಿದು ನಿಧಾನವಾಗಿ ಇಳಿಸಬೇಕು. ಅವಸರ ಮಾಡಿ ಎಣ್ಣೆ ರಕ್ತನಾಳ ಸೇರಿದರೆ ಕೆಮ್ಮು, ಉಸಿರು ಕಟ್ಟುವಿಕೆ, ತಲೆಸುತ್ತು ಬರಬಹುದು. ಹಾಗಾಗಿ ಚುಚ್ಚಿದ ಬಳಿಕ ಅರ್ಧ ತಾಸು ಅಲ್ಲೇ ಕೂರಿಸುತ್ತೇವೆ. ಎರಡು ಮೂರು ವಾರಗಳಿಗೊಮ್ಮೆ ಕೊಡುವ ಹಳೆಯ ಇಂಜೆಕ್ಷನ್ನುಗಳು ಅಗ್ಗ, ಆದರೆ ಮೊದಲ ದಿನಗಳಲ್ಲಿ ಮಟ್ಟ ಸಹಜಕ್ಕಿಂತ ಏರಿ ಕೊನೆಯ ದಿನಗಳಲ್ಲಿ ಕುಸಿಯುತ್ತದೆ, ಮನಸ್ಸೂ ಅದರ ಜೊತೆ ಏರಿಳಿಯುತ್ತದೆ. ಅವುಗಳಲ್ಲಿ ಒಂದಾದ ಸಸ್ಟನಾನ್ ನೆಲಗಡಲೆ ಎಣ್ಣೆಯಲ್ಲಿದೆ, ನೆಲಗಡಲೆಯ ಅಲರ್ಜಿ ಇರುವವರಿಗೆ ಬೇಡ.

ಮೂರನೆಯದು ದಿನಾ ಭುಜಕ್ಕೋ ತೋಳಿಗೋ ಹಚ್ಚಿಕೊಳ್ಳುವ ಜೆಲ್. ನಾನು ಆರಂಭಕ್ಕೆ ಇದನ್ನೇ ಹೆಚ್ಚು ಇಷ್ಟಪಡುತ್ತೇನೆ, ಏಕೆಂದರೆ ತೊಂದರೆಯಾದರೆ ಮರುದಿನವೇ ನಿಲ್ಲಿಸಬಹುದು. ಒಳಹೊಕ್ಕ ಹರಳೆಣ್ಣೆಯನ್ನು ಹೊರತೆಗೆಯಲಾಗದು. ಆದರೆ ಕರಾವಳಿಯ ಮನೆಗಳಲ್ಲಿ ಒಂದು ಕಷ್ಟವಿದೆ. ಸೆಕೆಗಾಲದಲ್ಲಿ ನಾವು ಮನೆಯೊಳಗೆ ಒಂದು ಬೈರಾಸು ಹೆಗಲಿಗೆ ಹಾಕಿ ಬರಿಮೈಯಲ್ಲೇ ಇರುತ್ತೇವೆ, ಮಕ್ಕಳು ಬಂದು ಹೆಗಲಿಗೆ ಜೋತು ಬೀಳುತ್ತಾರೆ. ಜೆಲ್ ಚರ್ಮದಿಂದ ಚರ್ಮಕ್ಕೆ ದಾಟುತ್ತದೆ. ಹೀಗೆ ದಾಟಿದ ಹಾರ್ಮೋನಿನಿಂದ ಪುಟ್ಟ ಮಕ್ಕಳಲ್ಲಿ ಅಕಾಲಿಕವಾಗಿ ಗುಹ್ಯರೋಮ ಬಂದು ಜನನಾಂಗ ದೊಡ್ಡದಾದ ಪ್ರಕರಣಗಳು ವರದಿಯಾದ್ದರಿಂದಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲಿ ಜೆಲ್‌ಗಳ ಮೇಲೆ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಅಚ್ಚು ಹಾಕಿಸಿತು. ನಿಮ್ಮ ಮಗಳಿಗೆ ಏಳು ವರ್ಷ. ಹಚ್ಚಿದ ಕೈಯನ್ನು ಸಾಬೂನಿನಲ್ಲಿ ತೊಳೆದು, ಜೆಲ್ ಒಣಗಿದ ಮೇಲೆ ಅಂಗಿ ತೊಟ್ಟು, ದಿನವಿಡೀ ತೊಟ್ಟೇ ಇರುವ ಶಿಸ್ತು ಇಲ್ಲದಿದ್ದರೆ ನಿಮ್ಮ ಮನೆಗೆ ಜೆಲ್ ಹೊಂದುವುದಿಲ್ಲ. ಹಚ್ಚಿದ ಕೆಲವು ಗಂಟೆ ಸ್ನಾನ ಮಾಡುವಂತಿಲ್ಲ, ಸಮುದ್ರಕ್ಕೆ ಇಳಿಯುವಂತಿಲ್ಲ. ಆದ್ದರಿಂದ ಬೆಳಗಿನ ಸ್ನಾನದ ಬಳಿಕ ಹಚ್ಚಿಕೊಂಡರೆ ಸಂಜೆಯ ಸ್ನಾನಕ್ಕೆ ಅಡ್ಡಿಯಿಲ್ಲ.

ಜಿಮ್ಮಿನ ಇಂಜೆಕ್ಷನ್ನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆರೋಗ್ಯವಂತ ಗಂಡಸಿನ ದೇಹ ದಿನಕ್ಕೆ ತಯಾರಿಸುವ ಟೆಸ್ಟೊಸ್ಟೆರಾನ್ ಸುಮಾರು ಐದರಿಂದ ಏಳು ಮಿಲಿಗ್ರಾಂ. ಅಲ್ಲಿ ವಾರಕ್ಕೆ 250, 500 ಎಂದು ಚುಚ್ಚುವುದು ಕೊರತೆ ತುಂಬುವ ಚಿಕಿತ್ಸೆಯಲ್ಲ. ವೈದ್ಯರ ಚೀಟಿ ಇಲ್ಲದೆ ಮಾರಿದ್ದರ ಬಾಟಲಿಯೊಳಗೆ ಏನಿದೆ ಎಂಬುದಕ್ಕೂ ಜವಾಬ್ದಾರರಿಲ್ಲ.

ಎಷ್ಟು ದಿನದಲ್ಲಿ ಗುಣ ಕಾಣುತ್ತದೆ ಎಂದರೆ, ಕಾಮಾಸಕ್ತಿ ಮೂರರಿಂದ ಆರು ವಾರಗಳಲ್ಲಿ ಚಿಗುರುತ್ತದೆ, ನಿಮಿರುವಿಕೆಗೆ ಆರು ತಿಂಗಳೂ ಬೇಕಾಗಬಹುದು, ಸ್ನಾಯುವಿನ ಬದಲಾವಣೆ ಮೂರು ನಾಲ್ಕು ತಿಂಗಳಿಗೆ, ಮೂಳೆಯ ಸಾಂದ್ರತೆಗೆ ವರ್ಷಗಳೇ ಬೇಕು. ಸುಸ್ತಿನ ಬಗ್ಗೆ ಮಾತ್ರ ಹೆಚ್ಚು ಭರವಸೆ ಕೊಡಲಾರೆ. 65 ದಾಟಿದ 790 ಗಂಡಸರಲ್ಲಿ ನಡೆಸಿ 2016ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಲೈಂಗಿಕ ಆಸಕ್ತಿ ಮತ್ತು ಚಟುವಟಿಕೆ ಒಂದಿಷ್ಟು ಹೆಚ್ಚಿತು, ಮನಸ್ಸಿನ ಗೆಲುವು ಅಲ್ಪಸ್ವಲ್ಪ ಸುಧಾರಿಸಿತು, ಆದರೆ ಚೈತನ್ಯದ ಅಳತೆಯಲ್ಲಿ ಮದ್ದಿಲ್ಲದ ಹುಸಿ ಜೆಲ್ ಹಚ್ಚಿದವರಿಗಿಂತ ಹೇಳಿಕೊಳ್ಳುವ ಲಾಭ ಕಾಣಲಿಲ್ಲ. ಈ ಮದ್ದಿನ ಚರಿತ್ರೆಯೇ ಹುಸಿ ಚೈತನ್ಯದಿಂದ ಶುರುವಾದದ್ದು: 1889ರಲ್ಲಿ ಬ್ರೌನ್ ಸೆಕಾರ್ ಎಂಬ 72 ವರ್ಷದ ಶರೀರಶಾಸ್ತ್ರಜ್ಞ ನಾಯಿ ಮತ್ತು ಗಿನಿಯಿಲಿಗಳ ವೃಷಣದ ರಸವನ್ನು ತನಗೇ ಚುಚ್ಚಿಕೊಂಡು ಯೌವನ ಮರಳಿತೆಂದು ಪ್ಯಾರಿಸಿನಲ್ಲಿ ಸಾರಿದ. ನೀರಿನಲ್ಲಿ ತೆಗೆದ ಆ ರಸದಲ್ಲಿ ಹಾರ್ಮೋನು ಇದ್ದಿರಲು ಸಾಧ್ಯವೇ ಇರಲಿಲ್ಲ. ನಿಜವಾದ ಟೆಸ್ಟೊಸ್ಟೆರಾನ್ ಕೈಗೆ ಸಿಕ್ಕಿದ್ದು 1935ರಲ್ಲಿ.

ಹೃದಯದ ವಿಷಯಕ್ಕೆ ಬರೋಣ. ಸುಮಾರು ಒಂದು ದಶಕ ಈ ಭಯ ವೈದ್ಯರಿಗೂ ಇತ್ತು. 2023ರಲ್ಲಿ ಪ್ರಕಟವಾದ ಟ್ರಾವರ್ಸ್ ಎಂಬ ಅಧ್ಯಯನ, ಹೃದ್ರೋಗ ಇದ್ದ ಅಥವಾ ಅದರ ಅಪಾಯ ಹೆಚ್ಚಿದ್ದ, 45ರಿಂದ 80 ವರ್ಷದ ಐದು ಸಾವಿರಕ್ಕೂ ಹೆಚ್ಚು ಗಂಡಸರನ್ನು ನೋಡಿತು. ಹೃದಯಾಘಾತ, ಪಾರ್ಶ್ವವಾಯು, ಹೃದಯ ಸಂಬಂಧಿ ಸಾವು ಒಟ್ಟಾಗಿ ಟೆಸ್ಟೊಸ್ಟೆರಾನ್ ಜೆಲ್ ಹಚ್ಚಿದವರಲ್ಲಿ ನೂರಕ್ಕೆ 7.0, ಹುಸಿ ಜೆಲ್ ಹಚ್ಚಿದವರಲ್ಲಿ 7.3. ಅಂದರೆ ಹೆಚ್ಚಲಿಲ್ಲ. ಆದರೆ ಹೃದಯದ ಲಯ ತಪ್ಪುವುದು, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು, ಮೂತ್ರಪಿಂಡದ ದಿಢೀರ್ ತೊಂದರೆ ಸ್ವಲ್ಪ ಹೆಚ್ಚು ಕಂಡವು, ಮೂಳೆ ಮುರಿತವೂ ಹೆಚ್ಚಿದ್ದು ಎಲ್ಲರಿಗೂ ಅಚ್ಚರಿ ತಂದಿತು. ರಕ್ತದೊತ್ತಡ ಏರಬಹುದೆಂಬ ಎಚ್ಚರಿಕೆಯನ್ನು 2025ರಲ್ಲಿ ಎಫ್‌ಡಿಎ ಎಲ್ಲ ಟೆಸ್ಟೊಸ್ಟೆರಾನ್ ಮದ್ದುಗಳಿಗೂ ಸೇರಿಸಿದೆ. ಪ್ರಾಸ್ಟೇಟ್ ಕ್ಯಾನ್ಸರಿನ ಭಯ ಇದಕ್ಕಿಂತ ಹಳೆಯದು, 1941ರಲ್ಲಿ ಚಾರ್ಲ್ಸ್ ಹಗಿನ್ಸ್ ಎಂಬ ಶಸ್ತ್ರವೈದ್ಯ ಬೆರಳೆಣಿಕೆಯ ರೋಗಿಗಳಲ್ಲಿ ಕಂಡದ್ದರಿಂದ ಹುಟ್ಟಿದ್ದು. ಈಗಾಗಲೇ ಹರಡಿದ ಕ್ಯಾನ್ಸರಿಗೆ ಟೆಸ್ಟೊಸ್ಟೆರಾನ್ ಇಂಧನವಾಗುತ್ತದೆ ಎಂಬುದು ಇಂದಿಗೂ ನಿಜ. ಇಲ್ಲದ ಕ್ಯಾನ್ಸರನ್ನು ಅದು ಹುಟ್ಟಿಸುತ್ತದೆ ಎಂಬುದಕ್ಕೆ ಪುರಾವೆ ಸಿಕ್ಕಿಲ್ಲ, ಟ್ರಾವರ್ಸ್‌ನಲ್ಲಿಯೂ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಇರಲಿಲ್ಲ. ಆ ಅಧ್ಯಯನದಲ್ಲಿ ಸರಾಸರಿ ಚಿಕಿತ್ಸೆ ಎರಡು ವರ್ಷಕ್ಕೂ ಕಡಿಮೆ ನಡೆದದ್ದರಿಂದ ಇಪ್ಪತ್ತು ವರ್ಷದ ಭರವಸೆಯನ್ನು ಅದರಿಂದ ಎತ್ತಿಕೊಡಲು ಬರುವುದಿಲ್ಲ.

ನನ್ನ ಮಟ್ಟಿಗೆ ದಿನನಿತ್ಯ ಕಾಡುವ ಅಡ್ಡಪರಿಣಾಮ ರಕ್ತ ದಪ್ಪಗಾಗುವುದು. ಟೆಸ್ಟೊಸ್ಟೆರಾನ್ ಕೆಂಪುಕಣಗಳನ್ನು ಹೆಚ್ಚಿಸುತ್ತದೆ. ಹೆಮಟೋಕ್ರಿಟ್ ನೂರಕ್ಕೆ 54 ದಾಟಿದರೆ ಮದ್ದು ನಿಲ್ಲಿಸಿ, ಇಳಿದ ಬಳಿಕ ಕಡಿಮೆ ಪ್ರಮಾಣದಲ್ಲಿ ಮತ್ತೆ ಆರಂಭಿಸುತ್ತೇವೆ. ಗೊರಕೆಯ ಕಾಯಿಲೆ ಇರುವವರಲ್ಲಿ, ಬೀಡಿ ಸಿಗರೇಟು ಸೇದುವವರಲ್ಲಿ, ಬಿಸಿಲಿನಲ್ಲಿ ದುಡಿದು ಸಾಕಷ್ಟು ನೀರು ಕುಡಿಯದವರಲ್ಲಿ ಈ ಅಂಕಿ ಮೊದಲೇ ಮೇಲಿರುತ್ತದೆ. ಆದ್ದರಿಂದ ಶುರುವಾದ ಮೂರರಿಂದ ಆರು ತಿಂಗಳೊಳಗೆ, ಆಮೇಲೆ ವರ್ಷಕ್ಕೊಮ್ಮೆ ಹೆಮಟೋಕ್ರಿಟ್, ಪಿಎಸ್‌ಎ, ಟೆಸ್ಟೊಸ್ಟೆರಾನ್ ನೋಡಲೇಬೇಕು. ಪಿಎಸ್‌ಎ ಒಂದು ವರ್ಷದೊಳಗೆ 1.4ಕ್ಕಿಂತ ಹೆಚ್ಚು ಏರಿದರೆ ಅಥವಾ 4 ದಾಟಿದರೆ ಮೂತ್ರರೋಗ ತಜ್ಞರ ಬಳಿಗೆ ಕಳುಹಿಸುತ್ತೇವೆ. ಮೂರು ತಿಂಗಳ ಇಂಜೆಕ್ಷನ್ನಿನವರು ಮಟ್ಟ ನೋಡಿಸಬೇಕಾದದ್ದು ಮುಂದಿನ ಇಂಜೆಕ್ಷನ್ನಿಗೆ ಸ್ವಲ್ಪ ಮೊದಲು. ಚುಚ್ಚಿಸಿಕೊಂಡ ವಾರದಲ್ಲೇ ನೋಡಿ ಹಿಗ್ಗುವವರಿದ್ದಾರೆ, ಅದಕ್ಕೆ ಅರ್ಥವಿಲ್ಲ.

ಜೀವನಪೂರ್ತಿ ಬೇಕೇ ಎಂಬುದಕ್ಕೆ ಉತ್ತರ ಕಾರಣದ ಮೇಲೆ ನಿಂತಿದೆ. ವೃಷಣಗಳೇ ಹಾಳಾದವರಿಗೆ, ಪಿಟ್ಯುಟರಿ ತೆಗೆದವರಿಗೆ ಹೌದು, ಥೈರಾಯ್ಡ್ ಮಾತ್ರೆಯಂತೆಯೇ. ಬೊಜ್ಜಿನಿಂದ ಇಳಿದವರಿಗೆ ಹಾಗಲ್ಲ. ಅಂಥವರಿಗೆ ಶುರು ಮಾಡಿದರೂ ಆರರಿಂದ ಹನ್ನೆರಡು ತಿಂಗಳ ಪ್ರಯೋಗ ಎಂದೇ ಹೇಳಿ ಶುರು ಮಾಡುತ್ತೇನೆ, ಲಕ್ಷಣಗಳು ಸುಧಾರಿಸದಿದ್ದರೆ ನಿಲ್ಲಿಸುತ್ತೇನೆ. ನಿಲ್ಲಿಸಿದ ಬಳಿಕ ಮಲಗಿದ್ದ ಪಂಪು ಏಳುವವರೆಗಿನ ಕೆಲವು ತಿಂಗಳು ಮೊದಲಿಗಿಂತಲೂ ಹೆಚ್ಚು ಸುಸ್ತು ಅನ್ನಿಸುತ್ತದೆ. ಹಲವರು ಅದನ್ನು ಕಾಯಿಲೆ ಮರಳಿತೆಂದು ತಿಳಿದು ಮತ್ತೆ ಇಂಜೆಕ್ಷನ್ನಿಗೆ ಓಡುತ್ತಾರೆ, ಹಾಗೆಯೇ ಬಿಡಲಾಗದೆ ಸಿಕ್ಕಿಕೊಳ್ಳುತ್ತಾರೆ.

ಕುವೈತಿನ ಪ್ರಶ್ನೆ ಉಳಿಯಿತು. ಟೆಸ್ಟೊಸ್ಟೆರಾನ್ ಅನಬಾಲಿಕ್ ಸ್ಟಿರಾಯ್ಡ್, ಅಂದರೆ ಸ್ನಾಯು ಬೆಳೆಸುವ ಜಾತಿಯ ಮದ್ದು, ಆದ್ದರಿಂದ ಹಲವು ದೇಶಗಳಲ್ಲಿ ನಿರ್ಬಂಧಿತ ಮದ್ದು. ಚೀಟಿಯಿಲ್ಲದೆ ಪೆಟ್ಟಿಗೆಯಲ್ಲಿ ಹಾಕಿಕೊಂಡು ವಿಮಾನ ಹತ್ತುವುದು ಬೇಡ. ಆ ಹೊತ್ತಿಗೆ ನೀವು ಚಿಕಿತ್ಸೆಯಲ್ಲಿದ್ದರೆ ರೋಗದ ಹೆಸರು, ಮದ್ದಿನ ಪ್ರಮಾಣ, ಇಂಜೆಕ್ಷನ್ನಿನ ದಿನಾಂಕಗಳಿರುವ ವೈದ್ಯರ ಪತ್ರವನ್ನು ಇಂಗ್ಲಿಷಿನಲ್ಲಿ ಬರೆಸಿಕೊಂಡು, ಆ ದೇಶದ ರಾಯಭಾರ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಮೂರು ತಿಂಗಳ ಇಂಜೆಕ್ಷನ್ನಿನವರಿಗೆ ಹೊರಡುವ ವಾರದಲ್ಲಿ ಇಲ್ಲಿಯೇ ಹಾಕಿಸಿಕೊಂಡು ಬರಿಗೈಯಲ್ಲಿ ಹೋಗುವ ಅನುಕೂಲವೂ ಇದೆ. ಅಲ್ಲಿಯ ವೈದ್ಯರಿಗೆ ತೋರಿಸುವಾಗ ಇಲ್ಲಿಯ ಅಂಕಿಗಳನ್ನು 28.8ರಿಂದ ಭಾಗಿಸಿ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.